ಅಂಗಿಯೊಳಗಿನ ಖರ್ಚು

ನಮ್ಮಂಥ ಮಧ್ಯಮ ವರ್ಗದ ಸಂಸಾರದಲ್ಲಿ ಖರ್ಚುಗಳಿಗೂ ಒಂದು ಪಂಕ್ತಿ ಉಂಟು. ಬಾಡಿಗೆ, ರೇಷನ್ನು, ಕಾಲೇಜಿನ ಫೀಸು ಮೊದಲ ಪಂಕ್ತಿಯಲ್ಲಿ ಕೂರುತ್ತವೆ. ಮದುವೆ, ಮುಂಜಿ, ಊರಿಗೆ ಹೋಗಿಬರುವುದು ಎರಡನೆಯದರಲ್ಲಿ. ಕಾಯಿಲೆ ಬಂದರೆ ಮಾತ್ರ ಎಲ್ಲವೂ ಎದ್ದು ಜಾಗ ಬಿಡಬೇಕು. ಅದಕ್ಕೆ ಯಾರ ತಕರಾರೂ ಇರುವುದಿಲ್ಲ. ಆದರೆ ಜ್ವರವಿಲ್ಲದ, ನೋವಿಲ್ಲದ, ಜೀವಕ್ಕೆ ಅಪಾಯವೂ ಇಲ್ಲದ ಒಂದು ಚಿಕಿತ್ಸೆ ಉಳಿತಾಯದ ಹಣಕ್ಕೆ ಕೈಯೊಡ್ಡಿದರೆ ಅದನ್ನು ಯಾವ ಪಂಕ್ತಿಯಲ್ಲಿ ಕೂರಿಸುವುದು? ಕಳೆದ ಆರು ತಿಂಗಳಿಂದ ನಮ್ಮ ಮನೆಯಲ್ಲಿ ಇದೇ ಚರ್ಚೆ.

ವಿಷಯ ಸ್ವಲ್ಪ ಸಂಕೋಚದ್ದು. ನಮ್ಮ ಮಗನಿಗೆ ಈಗ ಇಪ್ಪತ್ತು ವರ್ಷ. ಹದಿನಾಲ್ಕರ ಸುಮಾರಿಗೆ ಅವನ ಎದೆ ಹೆಣ್ಣುಮಕ್ಕಳ ಎದೆಯಂತೆ ಉಬ್ಬತೊಡಗಿತು, ಇನ್ನೂ ಇಳಿದಿಲ್ಲ. ಅವನು ಓದಿ ಒಪ್ಪಿದ ಮೇಲೆಯೇ ಇದನ್ನು ಸಂಘದ ಪತ್ರಿಕೆಗೆ ಕೊಡುತ್ತಿದ್ದೇವೆ. "ಹೆಸರು ಮಾತ್ರ ಬೇಡ, ಬರೀರಿ. ನಮ್ಮ ಮಂದ್ಯಾಗ ಇನ್ನೂ ಒಬ್ಬಿಬ್ಬರು ಇದ್ದಾರು" ಎಂದ. ಆದ್ದರಿಂದ ನಮ್ಮ ಹೆಸರನ್ನೂ ಹಾಕಬಾರದೆಂದು ಸಂಪಾದಕರನ್ನು ಕೇಳಿಕೊಂಡಿದ್ದೇವೆ.

ನಾವು ರಾಯಚೂರಿನ ಕಡೆಯಿಂದ ಬಂದು ಕಾಚಿಗುಡದಲ್ಲಿ ಸಂಸಾರ ಹೂಡಿ ಇಪ್ಪತ್ತೆರಡು ವರ್ಷವಾಯಿತು. ಹೈದರಾಬಾದಿನ ಏಪ್ರಿಲ್ ಬಿಸಿಲು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಆ ಬಿಸಿಲಿನಲ್ಲೂ ಹುಡುಗ ಒಳಗೆ ಬನಿಯನ್ನು, ಅದರ ಮೇಲೆ ದಪ್ಪ ಅಂಗಿ ತೊಡುತ್ತಾನೆ. ಬೆನ್ನು ಬಾಗಿಸಿಯೇ ನಡೆಯುತ್ತಾನೆ. ಗೆಳೆಯರು ಈಜಲು ಕರೆದರೆ ತಲೆನೋವು ಎನ್ನುತ್ತಾನೆ. ಹೋದ ವರ್ಷ ಮಂತ್ರಾಲಯಕ್ಕೆ ಹೋಗಿದ್ದೆವು. ಅಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗುವುದು ಪದ್ಧತಿಯಷ್ಟೆ. ಎಲ್ಲರೂ ಅಂಗಿ ಕಳಚಿ ಹೆಗಲಿಗೆ ಹಾಕಿಕೊಂಡರು. ಇವನು "ಚಪ್ಪಲಿ ನೋಡಿಕೊಳ್ಳುತ್ತೇನೆ" ಎಂದು ಹೊರಗೇ ಉಳಿದ. ದರ್ಶನ ಮುಗಿಸಿ ಬರುವಾಗ ಅವನು ತುಂಗಭದ್ರೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ವಿಷಯ ಮನೆಯಲ್ಲಿ ಬಾಯಿಬಿಟ್ಟು ಮಾತಾಡುವಂತಾದದ್ದು ಆ ದಿನದಿಂದಲೇ.

ವೈದ್ಯರ ಬಳಿ ಹೋದಾಗ ಇದಕ್ಕೆ 'ಗೈನಕೊಮಾಸ್ಟಿಯಾ' ಎಂಬ ಹೆಸರಿದೆಯೆಂದು ತಿಳಿಯಿತು. ಗ್ರೀಕ್ ಭಾಷೆಯಲ್ಲಿ ಹೆಣ್ಣಿನ ಸ್ತನ ಎಂಬ ಅರ್ಥವಂತೆ. ರೋಗಕ್ಕಿಂತ ಹೆಸರೇ ಕ್ರೂರ! ಆದರೆ ಇದೇನೂ ಅಪರೂಪವಲ್ಲ. ಪ್ರಾಯಕ್ಕೆ ಬರುವ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸ್ವಲ್ಪವಾದರೂ ಕಾಣಿಸಿಕೊಳ್ಳುತ್ತದೆ. ಹಾರ್ಮೋನುಗಳ ಏರುಪೇರಿನ ಫಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿದುಹೋಗುತ್ತದೆ. ಹಾಗೆ ಇಳಿಯದೆ ವರ್ಷಗಟ್ಟಲೆ ಉಳಿದರೆ ಒಳಗಿನ ಗ್ರಂಥಿ ನಾರುಗಟ್ಟುತ್ತದೆ. ಆಮೇಲೆ ಗುಳಿಗೆಗಳಿಂದ ಪ್ರಯೋಜನ ಕಡಿಮೆ. ಬರಿಯ ಕೊಬ್ಬಾಗಿದ್ದರೆ ಮೈ ಇಳಿಸಿದರೆ ಕರಗೀತು, ಗ್ರಂಥಿ ಕರಗುವುದಿಲ್ಲ. ಎರಡರ ವ್ಯತ್ಯಾಸ ವೈದ್ಯರ ಬೆರಳಿಗೆ ತಿಳಿಯುತ್ತದೆ. ಥೈರಾಯ್ಡು, ಪಿತ್ತಜನಕಾಂಗ, ಮೂತ್ರಪಿಂಡ, ಹಾರ್ಮೋನುಗಳ ಪರೀಕ್ಷೆಗಳೆಲ್ಲ ಆದವು. ಕೆಲವು ಔಷಧಿಗಳಿಂದಲೂ, ಜಿಮ್ಮುಗಳಲ್ಲಿ ಕೈಬದಲಾಗುವ ಸ್ಟಿರಾಯ್ಡುಗಳಿಂದಲೂ ಹೀಗಾಗುವುದುಂಟಂತೆ. ನಮ್ಮವನಿಗೆ ಅಂಥದೇನೂ ಇರಲಿಲ್ಲ. "ಬೇರೆ ರೋಗವಿಲ್ಲ. ಆಪರೇಷನ್ ಮಾಡಿಸಬಹುದು, ಮಾಡಿಸದಿದ್ದರೂ ನಡೆಯುತ್ತದೆ" ಎಂದರು ವೈದ್ಯರು. ಬೇಕೇಬೇಕು ಎಂದಿದ್ದರೆ ಸಾಲ ಮಾಡಿಯಾದರೂ ಮಾಡಿಸುತ್ತಿದ್ದೆವು. ಬೇಡವೇ ಬೇಡ ಎಂದಿದ್ದರೆ ಸುಮ್ಮನಾಗುತ್ತಿದ್ದೆವು. 'ಮಾಡಿಸಬಹುದು' ಎಂಬ ಈ ನಡುವಿನ ಮಾತು ನಮ್ಮ ನಿದ್ದೆ ಕೆಡಿಸಿತು.

ಆಪರೇಷನ್ ಹಳೆಯದೇ. ಏಳನೆಯ ಶತಮಾನದ ಗ್ರೀಕ್ ವೈದ್ಯ ಈಜಿನಾದ ಪಾಲ್ ಇದನ್ನು ವರ್ಣಿಸಿದ್ದಾನೆ. ಮೊಲೆತೊಟ್ಟಿನ ಸುತ್ತಲ ಕಪ್ಪು ವೃತ್ತದ ಅಂಚಿನಲ್ಲೇ ಸಣ್ಣಗೆ ಕೊಯ್ದು ಕಲೆ ಕಾಣದಂತೆ ಗ್ರಂಥಿ ತೆಗೆಯುವ ಕ್ರಮವನ್ನು ವೆಬ್‌ಸ್ಟರ್ ಎಂಬ ಅಮೆರಿಕದ ಶಸ್ತ್ರವೈದ್ಯ 1946ರಲ್ಲಿ ಬರೆದಿಟ್ಟ. ಈಗ ಜೊತೆಗೆ ಕೊಳವೆಯಿಂದ ಕೊಬ್ಬನ್ನೂ ಹೀರಿ ತೆಗೆಯುತ್ತಾರೆ. ಅದೇ ದಿನ ಅಥವಾ ಮರುದಿನ ಮನೆಗೆ ಕಳಿಸುತ್ತಾರೆ. ಆಮೇಲೆ ನಾಲ್ಕಾರು ವಾರ ಬಿಗಿ ಕವಚ ತೊಟ್ಟಿರಬೇಕು. ರಕ್ತ ಕಟ್ಟುವುದು, ತೊಟ್ಟು ಜೋಮು ಹಿಡಿಯುವುದು, ಎದೆ ಒಂದು ಕಡೆ ತಗ್ಗಾಗಿ ಕಾಣುವುದು ಇಂಥ ತೊಂದರೆಗಳೂ ಇಲ್ಲದಿಲ್ಲ.

ಒಂದು ಆಸ್ಪತ್ರೆಯಲ್ಲಿ 70,000 ರೂಪಾಯಿ ಎಂದರು, ಇನ್ನೊಂದರಲ್ಲಿ 1,20,000. ಮೂರನೆಯ ಕಡೆ ಹಬ್ಬದ ರಿಯಾಯಿತಿ ಇದೆಯೆಂದು ಸೀರೆ ಅಂಗಡಿಯವರಂತೆ ಕರೆದರು. ನಾವು ಅಲ್ಲಿಂದ ಎದ್ದು ಬಂದೆವು. ಆರೋಗ್ಯ ವಿಮೆಯ ಕಾಗದ ತೆಗೆದು ನೋಡಿದರೆ, ವಿಮಾ ಪ್ರಾಧಿಕಾರ 2019ರಲ್ಲಿ ಗೊತ್ತುಮಾಡಿದ ನಿಯಮದಂತೆ ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಹಣವಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ದುರಸ್ತಿ, ಇಲ್ಲವೆ ಆರೋಗ್ಯಕ್ಕೆ ನೇರ ಅಪಾಯವಿದೆಯೆಂದು ವೈದ್ಯರು ಬರೆದುಕೊಟ್ಟ ಚಿಕಿತ್ಸೆ ಇವಿಷ್ಟಕ್ಕೆ ವಿನಾಯಿತಿ. 2017ರ ಜಿಎಸ್‌ಟಿ ನಿಯಮದಲ್ಲೂ ಸೌಂದರ್ಯದ ಚಿಕಿತ್ಸೆಗೆ ತೆರಿಗೆಯುಂಟು. ಆದರೆ ಹುಟ್ಟಿನ ದೋಷ, ಬೆಳವಣಿಗೆಯ ದೋಷ, ಗಾಯಗಳಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಾದರೆ ಇಲ್ಲ. ಇದು ಅಂದಕ್ಕಾಗಿಯೋ ದೋಷದ ನಿವಾರಣೆಗಾಗಿಯೋ ಎಂದು ನಮ್ಮ ಮನೆಯಲ್ಲಿ ನಡೆದ ಜಗಳವೇ ಸರ್ಕಾರದ ಕಾಗದದಲ್ಲೂ ಇದೆಯೆಂದು ಸಮಾಧಾನವಾಯಿತು!

ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಗೂ ಹೋಗಿಬಂದೆವು. ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಿಂದ ನಮ್ಮ ಕಡೆಯವರಿಗೆ ಅದು ದೊಡ್ಡಾಸ್ಪತ್ರೆ. ಅಲ್ಲಿಯ ಪ್ಲಾಸ್ಟಿಕ್ ಸರ್ಜರಿ ವಿಭಾಗದ ಸಾಲಿನಲ್ಲಿ ಸುಟ್ಟ ಮುಖದ ಹೆಂಗಸು, ಯಂತ್ರಕ್ಕೆ ಬೆರಳು ಕೊಟ್ಟ ಕೂಲಿಯವನು ನಿಂತಿದ್ದರು. ಮಗ ಸ್ವಲ್ಪ ಹೊತ್ತು ನೋಡಿ, "ಇವರ ಪಾಳಿ ನಾನು ತಿನ್ನಲಾರೆ, ನಡೀರಿ ಮನೆಗೆ. ನನಗೆ ನೌಕರಿ ಸಿಕ್ಕ ಮೇಲೆ ನಾನೇ ಮಾಡಿಸಿಕೊಳ್ಳುತ್ತೇನೆ" ಎಂದ. ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಅವನ ಮಾತು ದೊಡ್ಡದು. ಆದರೆ ಪಕ್ಕದವನ ಕಾಲು ಮುರಿದಿದೆಯೆಂದು ನಮ್ಮ ಪಾದದ ಮುಳ್ಳು ಚುಚ್ಚುವುದನ್ನು ಬಿಡುವುದಿಲ್ಲವಷ್ಟೆ.

ನಮ್ಮ ಬಳಿ ಇರುವುದು ಒಂದೂವರೆ ಲಕ್ಷದ ಒಂದು ಠೇವಣಿ. ಊರಿನ ಹಳೆಯ ಮನೆಯ ಮಾಳಿಗೆ ಸೋರುತ್ತದೆ. ಅದನ್ನು ತೆಗೆಸಿ ಸ್ಲ್ಯಾಬು ಹಾಕಿಸಲೆಂದು ಐದು ವರ್ಷದಿಂದ ಕೂಡಿಟ್ಟದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬೆಳೆದವರು ನಾವು. ಬಂಧುಗಳಲ್ಲಿ ಒಬ್ಬರು "ಗಂಡಸಿಗೆ ಎಂಥಾ ಅಂದಚಂದ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ" ಎಂದರು. ಮದುವೆಯಿಂದ ಗ್ರಂಥಿ ಹೇಗೆ ಕರಗುತ್ತದೋ ನಮಗೆ ತಿಳಿಯಲಿಲ್ಲ. ಊರಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ ಎಲ್ಲ ಹೇಳಿದೆವು. ಸೋರುವ ಮನೆಯಲ್ಲಿರುವವರು ಅವರೇ ತಾನೆ? ಅವರು ಕೇಳಿಸಿಕೊಂಡು, "ಮನಿ ಸೋರಿದ್ರ ಕೆಳಗ ಪಾತ್ರಿ ಇಡಬಹುದು. ಹುಡುಗ ಕುಗ್ಗಿದ್ರ ಏನಿಡ್ತೀರಿ?" ಎಂದರು.

ಆ ಮೇಲೆ ನಮಗೆ ಹೊಳೆದದ್ದು ಇಷ್ಟು. ನೌಕರಿ ಸಿಕ್ಕ ಮೇಲೆ ಹಣ ಬರಬಹುದು, ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯಸ್ಸು ಮತ್ತೆ ಬರುವುದಿಲ್ಲ. ಸ್ನೇಹಿತರೊಡನೆ ಈಜುವುದು, ನೌಕರಿಯ ಸಂದರ್ಶನದಲ್ಲಿ ಎದೆಯೆತ್ತಿ ಕೂರುವುದು, ಇವೆಲ್ಲ ಆ ನಾಲ್ಕು ವರ್ಷದಲ್ಲೇ ಆಗಬೇಕಾದವು. ಆದರೆ ಆಪರೇಷನ್ ಬೇಕೋ ಬೇಡವೋ ಎಂಬ ಕೊನೆಯ ಮಾತು ಅವನದು, ಮೈ ಅವನದು. ಹಣದ ಚಿಂತೆಯಿಂದ ಅವನು ಬೇಡವೆನ್ನಬಾರದು ಎಂಬುದಷ್ಟೇ ನಮ್ಮ ಪಾಲಿನ ಕೆಲಸ. ಎರಡು ದಿನ ಯೋಚಿಸಿ ಅವನು ಹೂಂ ಎಂದ.

ಠೇವಣಿಯ ಅವಧಿ ಕಾರ್ತಿಕದಲ್ಲಿ ಮುಗಿಯುತ್ತದೆ. ನಡುವೆ ಮುರಿದು ಬಡ್ಡಿ ಕಳೆದುಕೊಳ್ಳುವ ಹಾಗಿಲ್ಲ. ಸೆಮಿಸ್ಟರ್ ಪರೀಕ್ಷೆ ಮುಗಿದು ಡಿಸೆಂಬರಿನಲ್ಲಾದರೆ ಬಿಗಿ ಕವಚ ಚಳಿಗಾಲದಲ್ಲೇ ತೊಟ್ಟು ಮುಗಿಸಬಹುದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿದವರೇ, ವೈದ್ಯಕೀಯ ಮಂಡಳಿಯಲ್ಲಿ ನೋಂದಣಿ ಇದೆಯೇ, ಹೇಳಿದ ದರದಲ್ಲಿ ಅರಿವಳಿಕೆ, ಕವಚ, ಆಮೇಲಿನ ಭೇಟಿಗಳು ಸೇರಿವೆಯೇ ಎಂದು ಕೇಳಿ ತಿಳಿದು, 70,000 ಹೇಳಿದವರಲ್ಲೇ ಗೊತ್ತುಮಾಡಿದ್ದೇವೆ. ನಿಮ್ಮ ಮನೆಯಲ್ಲೂ ದಪ್ಪ ಅಂಗಿಯ ಹುಡುಗನಿದ್ದರೆ, ಹದಿನಾಲ್ಕು ಹದಿನೈದರವನಾದರೆ ವೈದ್ಯರಿಗೆ ತೋರಿಸಿ ಕಾಯಿರಿ. ಇಪ್ಪತ್ತರವನಾದರೆ ಅವನನ್ನೇ ಕೇಳಿ.

ಊರಿನ ಗೌಂಡಿಗೆ ಮುಂದಿನ ವರ್ಷ ಬಾ ಎಂದು ಹೇಳಿಯಾಗಿದೆ. ಉಳಿಯುವ ಎಂಬತ್ತು ಸಾವಿರ ಮತ್ತೆ ಬ್ಯಾಂಕಿಗೇ ಹೋಗುತ್ತದೆ. ಅಜ್ಜಿ ಎರಡು ದೊಡ್ಡ ಪಾತ್ರೆ ಕೊಂಡಿದ್ದಾರಂತೆ.