ಸೋತವನು ಏಳಬೇಕಾದ ಆಟ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ತಂಗಿಯ ಮಗನು, ಆದವಾನಿಯ ನಮ್ಮ ಪಡಸಾಲೆಯಲ್ಲಿ ಇಸ್ಪೀಟೆಲೆ ಹರಡಿ, ಪೋಕರ್ ಪಂದ್ಯಗಳ ಬಗೆಗಳನ್ನು ನನಗೆ ವಿವರಿಸಿದನು.

ಒಂದರಲ್ಲಿ ಎಲ್ಲರೂ ಒಮ್ಮೆ ಮಾತ್ರ ಹಣ ಕಟ್ಟಿ ಸಮಸಂಖ್ಯೆಯ ಬಿಲ್ಲೆಗಳನ್ನು ಪಡೆಯುತ್ತಾರೆ. ಬಿಲ್ಲೆ ತೀರಿದವನು ಏಳಲೇಬೇಕು. ಇದು ‘ಫ್ರೀಜ್‌ಔಟ್’. ಲಾಸ್ ವೇಗಸ್‌ನಲ್ಲಿ 1970ರಲ್ಲಿ ಆರಂಭವಾದ ವಿಶ್ವ ಸರಣಿಯಲ್ಲಿ ಮೊದಲ ವರ್ಷ ಆಟಗಾರರೇ ಮತ ಹಾಕಿ ವಿಜೇತನನ್ನು ಆರಿಸಿದರು. 1971ರಲ್ಲಿ ಈ ಕ್ರಮ ಬಂದಿತು. ಇನ್ನೊಂದು ‘ರೀಬೈ’: ಗೊತ್ತುಪಡಿಸಿದ ಅವಧಿಯೊಳಗೆ ಸೋತವನು ಮತ್ತೆ ಹಣ ಕಟ್ಟಿ ಕೂರಬಹುದು.

ಇದನ್ನು ಕೇಳುತ್ತಲೇ ನನ್ನ ಸೋದರಮಾವನವರು ನೆನಪಾದರು. ಒಮ್ಮೆ ಹತ್ತಿ ಮಾರಿದ ಹಣದೊಡನೆ ಊರಿಗೆ ಹೊರಟವರು, ದಾರಿಯಲ್ಲಿ ಪರಿಚಿತರ ಮನೆಯಲ್ಲಿ ರಮ್ಮಿಗೆ ಕುಳಿತರು. 101 ಅಂಕ ಮುಟ್ಟಿದವನು ಹೊರಗೆ. ಆದರೆ ಹಣ ಕಟ್ಟಿ ಮರಳಿ ಸೇರಬಹುದಿತ್ತು. ಬೆಳಗಾಗುವಷ್ಟರಲ್ಲಿ ಬೀಜದ ಸಾಲ ತೀರಿಸಲೂ ಕಾಸು ಉಳಿಯಲಿಲ್ಲ. ಅತ್ತೆಯವರ ಸರ ಒತ್ತೆಗೆ ಹೋಯಿತು.

ಆಂಧ್ರದ್ದೇ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. ಮಾವನವರೂ ಕುಶಲರೇ, ಅವರನ್ನು ಎಬ್ಬಿಸುವ ನಿಯಮವೊಂದು ಅಲ್ಲಿ ಇರಲಿಲ್ಲ. ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆಯಾದರೂ, ಹಬ್ಬಕ್ಕೆ ಎಲೆ ಹಿಡಿಯುವ ಮನೆಗಳವರು ಈ ಭೇದವನ್ನು ಮಕ್ಕಳಿಗೆ ಮೊದಲೇ ತಿಳಿಸುವುದು ಲೇಸು.

ಅಂದು ನಾವು ಹುಣಿಸೆಬೀಜವಿಟ್ಟು ಆಡಿದೆವು. ನನ್ನವು ಬೇಗನೆ ತೀರಿದವು.

“ಇನ್ನೊಂದು ಹಿಡಿ ತಗೊಳ್ಳಿ, ಮಾವ” ಎಂದನು ಹುಡುಗ.

ನಾನು ಎದ್ದೆನು.