ಉತ್ತರವನ್ನು ಬೇಡುವ ಕಥೆ

ಶ್ಮಶಾನದ ಶಿಂಶಪಾವೃಕ್ಷದಿಂದ ಶವವನ್ನಿಳಿಸಿ ಹೆಗಲ ಮೇಲೆ ಹೊತ್ತು ನಡೆಯುವ ಅರಸನ ಕಥೆಯನ್ನು ಕೇಳದ ಮನೆ ನಮ್ಮಲ್ಲಿ ಇರಲಾರದು. ಆ ಶವವನ್ನು ಹೊಕ್ಕ ವೇತಾಲನು ದಾರಿಯುದ್ದಕ್ಕೂ ಕಥೆ ಹೇಳುವನು. ಕಥೆಯ ಕೊನೆಗೆ ಒಂದು ಪ್ರಶ್ನೆಯನ್ನಿಡುವನು. ಉತ್ತರವು ತಿಳಿದೂ ಸುಮ್ಮನಿದ್ದರೆ ಅರಸನ ತಲೆ ಸಿಡಿದು ಹೋಳಾಗತಕ್ಕದ್ದು. ಬಾಯಿಬಿಟ್ಟರೆ ಮೌನವು ಮುರಿದು ಶವವು ಮತ್ತೆ ಮರಕ್ಕೆ ಹಾರತಕ್ಕದ್ದು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದ ನಾನು ಈ ಕಥೆಯನ್ನು ಎಷ್ಟು ತರಗತಿಗಳಲ್ಲಿ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಕಥೆ ಹೇಳುವವನು ಯಾವಾಗಲೂ ವೇತಾಲನ ಪಕ್ಷದವನು. ಹೊರುವವನ ಸಂಕಟವು ಅವನಿಗೆ ಗೊತ್ತಾಗುವುದಿಲ್ಲ. ಕಳೆದ ನವರಾತ್ರಿಯ ರಜೆಯಲ್ಲಿ ಹೊರುವ ಸರದಿಯು ನನಗೂ ಬಂದಿತು.

ನನ್ನ ಅಣ್ಣನ ಮೊಮ್ಮಗಳೊಬ್ಬಳು ದೂರದ ಊರಿನ ಕಾಲೇಜಿನಲ್ಲಿ ಓದುತ್ತಿರುವಳು, ವಾಸ ಹಾಸ್ಟೆಲಿನಲ್ಲಿ. ರಜೆಗೆಂದು ಬೆಳುವಾಯಿಗೆ ಬಂದವಳು ಊಟದ ಹೊತ್ತಿನಲ್ಲಿಯೂ ಮೊಬೈಲನ್ನು ಬಿಡದಿರುವುದನ್ನು ಕಂಡು, “ಅದರಲ್ಲಿ ಅಂಥದೇನಿದೆ ಮಗಾ?” ಎಂದು ಕೇಳಿದೆನು. “ಒಬ್ಬಳು ಹುಡುಗಿ ಕಾಣೆಯಾಗಿದ್ದಾಳೆ ಅಜ್ಜ, ಹುಡುಕುತ್ತಾ ಇದ್ದೇನೆ” ಎಂದಳು. ನನ್ನ ಮನೆಯಾಕೆಯ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ಅದೊಂದು ಆಟವೆಂದು ಅವಳಿಗೆ ಮನವರಿಕೆ ಮಾಡಿಕೊಡುವಷ್ಟರಲ್ಲಿ ಗಂಜಿಯು ಆರಿಹೋಯಿತು.

ವಾಚಕರಲ್ಲಿ ಹಲವರಿಗೆ ಈ ಬಗೆಯ ಆಟದ ಪರಿಚಯವಿರಲಾರದಾದುದರಿಂದ ಸ್ವಲ್ಪ ವಿವರಿಸುವೆನು. ಇದರ ಹೆಸರು ‘ಡಸ್ಕ್‌ವುಡ್’. ಜರ್ಮನಿಯ ಎವರ್‌ಬೈಟ್ ಎಂಬ ಸಣ್ಣ ಸಂಸ್ಥೆಯು ಇದನ್ನು ೨೦೧೯ರಲ್ಲಿ ಕಂತುಗಳಾಗಿ ಹೊರತರಲಾರಂಭಿಸಿ, ಹತ್ತನೆಯದೂ ಕೊನೆಯದೂ ಆದ ಕಂತನ್ನು ೨೦೨೨ರಲ್ಲಿ ಮುಗಿಸಿತು. ಓಡುವುದು, ಹಾರುವುದು, ಗುಂಡು ಹೊಡೆಯುವುದು ಇದರಲ್ಲಿಲ್ಲ. ನಿಮ್ಮ ಮೊಬೈಲಿಗೆ ಅಪರಿಚಿತರಿಂದ ಸಂದೇಶಗಳು ಬರುವಂತೆ ಎಲ್ಲವೂ ಬರುವುದು. ಹಾನಾ ಎಂಬ ಹುಡುಗಿಯು ಕಾಣೆಯಾಗಿದ್ದಾಳೆ. ಅವಳ ಫೋನಿನಿಂದ ಸ್ನೇಹಿತನಿಗೆ ಬಂದ ಸಂದೇಶದಲ್ಲಿ ನಿಮ್ಮ ನಂಬರು ಇತ್ತು. ಏಕೆಂಬುದು ನಿಮಗೂ ತಿಳಿಯದು, ಅವರಿಗೂ ತಿಳಿಯದು. ಅಲ್ಲಿಂದ ಮುಂದೆ ಆ ಹುಡುಗಿಯ ಸ್ನೇಹಿತರು ನಿಮ್ಮೊಡನೆ ಮಾತನಾಡುವರು, ಜಗಳವಾಡುವರು, ಗುಟ್ಟು ಹೇಳುವರು. ನೀವು ಕೊಡತಕ್ಕ ಉತ್ತರಗಳು ಎರಡೋ ಮೂರೋ ಕೆಳಗೆ ಬರೆದಿರುವುವು. ಅವುಗಳಲ್ಲೊಂದನ್ನು ಬೆರಳಿನಿಂದ ಒತ್ತಬೇಕು. ನಡುನಡುವೆ ಬಣ್ಣದ ಹರಳುಗಳನ್ನು ಜೋಡಿಸುವ ಒಂದು ಮಕ್ಕಳಾಟವನ್ನು ಗೆದ್ದರೆ ಕಾಣೆಯಾದವಳ ಚಿತ್ರಗಳೂ ಕಾಗದಗಳೂ ಒಂದೊಂದಾಗಿ ತೆರೆಯುವುವು. (ಈ ಹರಳಿನ ಭಾಗವು ನನಗೆ ಬಹಳ ಬೇಸರವನ್ನು ತಂದಿತು. ಒಳ್ಳೆಯ ಹರಿಕಥೆಯ ನಡುವೆ ಕಡಲೆ ಮಾರಿದಂತೆ.)

ಇದು ಹೊಸ ಯಂತ್ರದ ಹೊಸ ಹುಚ್ಚೆಂದು ತಳ್ಳಿಬಿಡುವುದು ಸುಲಭ. ನನಗೆ ಹಾಗೆ ತೋರಲಿಲ್ಲ. ನಮ್ಮೂರಿನಿಂದ ಬಹು ದೂರವಲ್ಲದ, ಕಾರ್ಕಳದ ಆಚೆಯ ನಂದಳಿಕೆಯಲ್ಲಿ ಹುಟ್ಟಿ ೧೯೦೧ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಹೋದ ಮುದ್ದಣನು ‘ಶ್ರೀರಾಮಾಶ್ವಮೇಧ’ದಲ್ಲಿ ಮಾಡಿದ್ದೇನು? ಕಥೆ ಕೇಳುವ ಮನೋರಮೆಯನ್ನು ಕಥೆಯೊಳಗೆಯೇ ಕುಳ್ಳಿರಿಸಿದನು. ಯಾವ ಕಥೆ ಬೇಕೆಂದು ಆರಿಸುವವಳು ಅವಳು. ಪದ್ಯ ಬೇಡ, ಗದ್ಯದಲ್ಲಿಯೇ ಹೇಳೆಂದು ಕಟ್ಟುಮಾಡುವವಳು ಅವಳು. ನಡುವೆ ಬಾಯಿ ಹಾಕಿ ಕವಿಯನ್ನು ಕೆಣಕುವವಳೂ ಅವಳೇ. ಅಶ್ವಮೇಧದ ಕುದುರೆ ಎಲ್ಲೆಲ್ಲಿ ಹೋಯಿತೆಂಬುದನ್ನು ಮರೆತವರಿಗೂ ಮನೋರಮೆಯ ಮಾತುಗಳು ನೆನಪಿರುವುವು. ಕೇಳುವವರಿಗೆ ಕಥೆಯಲ್ಲಿ ಒಂದು ಮಣೆ ಹಾಕಿಕೊಟ್ಟರೆ ಅವರು ಅಲ್ಲಿಂದ ಏಳುವುದಿಲ್ಲ.

ಅಪರಾಧದ ಕಥೆಯಲ್ಲಿ ಓದುಗನಿಗೆ ಮಣೆ ಹಾಕುವ ಯತ್ನವನ್ನು ಪಾಶ್ಚಾತ್ಯರೂ ಬಹಳ ಹಿಂದೆಯೇ ಮಾಡಿದ್ದಾರೆ. ೧೯೩೬ರಲ್ಲಿ ಡೆನಿಸ್ ವೀಟ್ಲಿಯೆಂಬ ಇಂಗ್ಲೀಷು ಕಾದಂಬರಿಕಾರನು ಪುಸ್ತಕದ ಬದಲು ಪೋಲೀಸರ ಕಡತದಂಥದೊಂದು ಕಟ್ಟನ್ನೇ ಪ್ರಕಟಿಸಿದನು. ತಂತಿಸಂದೇಶ, ಹೇಳಿಕೆ, ಛಾಯಾಚಿತ್ರಗಳ ಜತೆಗೆ ಕೂದಲು, ಬೆಂಕಿಕಡ್ಡಿ ಮೊದಲಾದ ಸಾಕ್ಷ್ಯಗಳೂ ಅದರಲ್ಲಿದ್ದುವು. ಕೊಲೆಗಾರನ ಹೆಸರಿದ್ದ ಕೊನೆಯ ಹಾಳೆಗಳನ್ನು ಮುದ್ರೆಯೊತ್ತಿ ಮುಚ್ಚಿದ್ದರು. ೧೯೮೨ರಲ್ಲಿ ಅಮೆರಿಕದ ಇನ್ಫೋಕಾಮ್ ಸಂಸ್ಥೆಗಾಗಿ ಮಾರ್ಕ್ ಬ್ಲಾಂಕ್ ಎಂಬಾತನು ‘ಡೆಡ್‌ಲೈನ್’ ಎಂಬ ಕಂಪ್ಯೂಟರ್ ಆಟವನ್ನು ಬರೆದನು. ಅದರಲ್ಲಿ ಚಿತ್ರವೇ ಇಲ್ಲ, ಬರಿಯ ಅಕ್ಷರ. ಆಡುವವನೇ ತನಿಖಾಧಿಕಾರಿ; ಆಟದೊಳಗಿನ ಹನ್ನೆರಡು ಗಂಟೆಗಳೊಳಗಾಗಿ ಒಬ್ಬ ಧನಿಕನ ಸಾವಿನ ರಹಸ್ಯವನ್ನು ಬಿಡಿಸಬೇಕು. ಎಲ್ಲ ವಿವರಗಳೂ ಆ ಕಾಲದ ಡಿಸ್ಕಿನಲ್ಲಿ ಹಿಡಿಯದೆ, ಸಾಕ್ಷಿಗಳ ಹೇಳಿಕೆಗಳನ್ನು ಬೇರೆಯಾಗಿ ಕಾಗದದ ಮೇಲೆ ಮುದ್ರಿಸಿ, ಹೆಣದ ಬಳಿ ಸಿಕ್ಕಿದುವೆಂದು ಕೆಲವು ಗುಳಿಗೆಗಳನ್ನೂ ಪೊಟ್ಟಣದಲ್ಲಿ ಕಟ್ಟಿ ಕೊಟ್ಟರು. ಸಾಕಷ್ಟು ಸಾಕ್ಷ್ಯವಿಲ್ಲದೆ ಒಬ್ಬನನ್ನು ಬಂಧಿಸಿದರೆ ಮೊಕದ್ದಮೆಯು ಬಿದ್ದುಹೋಗುವುದು.

ನಮ್ಮ ಬಾಲ್ಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗೆ ಅಡಗಿಸಿಟ್ಟು ಓದಿದವರು ನಾವು. ಅಲ್ಲಿ ಪುರುಷೋತ್ತಮನು ಪತ್ತೆಮಾಡುವನು, ನಾವು ನೋಡುವೆವು. ಅವನು ತಪ್ಪು ಬಾಗಿಲನ್ನು ತಟ್ಟಿದರೆ ನಮಗೆ ಹೊಣೆಯಿಲ್ಲ. ಈ ಆಟದಲ್ಲಿ ಆ ಸುಖವು ಇಲ್ಲ. ಸ್ನೇಹಿತರಿಗೆ ತಿಳಿಯದಂತೆ ಮುಖವನ್ನೇ ತೋರಿಸದ ಜೇಕ್ ಎಂಬವನೊಬ್ಬನು ಮಾತನಾಡಿಸುವನು. ಅವನು ಗಣಕಜಾಲಗಳೊಳಗೆ ನುಗ್ಗುವ ವಿದ್ಯೆ ಬಲ್ಲವನು, ಸರಕಾರದವರು ಹುಡುಕುತ್ತಿರುವವನು. ಅವನನ್ನು ನಂಬುವುದೇ, ಬಿಡುವುದೇ? ಮೊಮ್ಮಗಳು ನಂಬುವ ಪಕ್ಷ. ನಾನು ಸಂಶಯದ ಪಕ್ಷ. ಇಂಗ್ಲೀಷು ಬಾರದ ನನ್ನ ಮನೆಯಾಕೆಗೆ ಪ್ರತಿಯೊಂದು ಸಂದೇಶವನ್ನೂ ಕನ್ನಡದಲ್ಲಿ ಹೇಳಬೇಕಾಗಿತ್ತು. ಅವಳ ಪ್ರಶ್ನೆಗಳೇ ಬೇರೆ: “ಇಷ್ಟು ದಿನವಾದರೂ ಆ ಹುಡುಗಿಯ ತಾಯಿ ಎಲ್ಲಿ? ಇವರೆಲ್ಲ ಊಟ ಮಾಡುವುದು ಯಾವಾಗ?” ಎರಡೂ ಪ್ರಶ್ನೆಗಳಿಗೆ ಒತ್ತತಕ್ಕ ಗುಂಡಿಯು ಆಟದಲ್ಲಿರಲಿಲ್ಲ.

ಜಗತ್ತಿನ ನಾನಾ ಕಡೆಗಳಲ್ಲಿ ಈ ಆಟವನ್ನಾಡಿದವರು ಆ ಜೇಕನಲ್ಲಿ ನಿಜವಾದ ಮನುಷ್ಯನಲ್ಲಿಡುವಷ್ಟು ಪ್ರೀತಿಯನ್ನಿಟ್ಟರೆಂದೂ, ಮುಂದಿನ ಕಂತಿಗಾಗಿ ತಿಂಗಳುಗಟ್ಟಲೆ ಚಡಪಡಿಸಿದರೆಂದೂ ಅವಳು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ‘ಬರೆಯುತ್ತಿದ್ದಾನೆ’ ಎಂಬ ಸೂಚನೆಯು ಪರದೆಯ ಮೇಲೆ ಮಿಣುಕಿ, ಏನೂ ಬಾರದೆ ನಿಂತುಹೋದಾಗ ಆ ಶೂನ್ಯದಲ್ಲಿ ಉಂಟಾಗುವ ಕಾತರವು ಯಾವ ವಿಪ್ರಲಂಭಶೃಂಗಾರಕ್ಕೂ ಕಡಿಮೆಯದಲ್ಲ. ಕಾಣದವನಿಗೆ ಕಣ್ಣುಮೂಗುಗಳನ್ನು ನಾವೇ ಕೊಡುತ್ತೇವೆ. ನಾವು ಕೊಟ್ಟುದು ನಮಗೆ ಇಷ್ಟವಾಗದೆ ಇದ್ದೀತೆ?

ಆದರೂ ಒಂದು ಆಕ್ಷೇಪಣೆಯನ್ನು ಹೇಳದೆ ಬಿಡಲಾರೆನು. ನಾವು ಏನನ್ನು ಒತ್ತಿದರೂ ಕಥೆಯು ಬಹುಮಟ್ಟಿಗೆ ತನ್ನ ದಾರಿಯನ್ನೇ ಹಿಡಿಯುವುದು. ಬದಲಾಗುವುದು ಸ್ನೇಹದ ಬಿಸಿಯೋ ತಂಪೋ ಅಷ್ಟೆ. ಇದನ್ನು ನಾನೆತ್ತಿದಾಗ ಮೊಮ್ಮಗಳು, “ನೀವು ತಾಳಮದ್ದಳೆಗೆ ಹೋಗುವುದಿಲ್ಲವೇ ಅಜ್ಜ? ಅಲ್ಲಿ ವಾಲಿ ಬದುಕುತ್ತಾನೆಯೇ?” ಎಂದಳು. ಮಾತು ಸರಿಯಾಗಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ (೧೯೧೮–೨೦೦೬) ವಾಲಿಯು ಬಾಣವನ್ನು ಎದೆಯಲ್ಲಿಟ್ಟುಕೊಂಡು ರಾಮನನ್ನು ಪ್ರಶ್ನಿಸಿದುದನ್ನು ಕೇಳಿದವರು ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮಂದಿ. ಪ್ರಸಂಗದ ಪದ್ಯವು ಮೊದಲೇ ಗೊತ್ತು, ಮರಣವೂ ಗೊತ್ತು. ಸಾಯುವ ಮೊದಲು ವಾಲಿಯು ಏನೆಂದು ಹೇಳುವನೆಂಬುದು ಮಾತ್ರ ಆ ರಾತ್ರಿಯವರೆಗೆ ಯಾರಿಗೂ ಗೊತ್ತಿಲ್ಲ; ಅದಕ್ಕಾಗಿಯೇ ಜನರು ಬೆಳಗಿನ ಜಾವದವರೆಗೆ ಕುಳಿತಿರುತ್ತಿದ್ದರು.

ಹೀಗೆ ನಗುತ್ತ, ವಾದಿಸುತ್ತ ನಾಲ್ಕೈದು ದಿನಗಳು ಕಳೆದುವು. ಆ ಬಳಿಕ ಬಂದ ಒಂದು ಕಂತಿನಲ್ಲಿ, ಕಾಣೆಯಾದವಳ ತಂಗಿ ಲಿಲ್ಲಿಯು ನಮ್ಮನ್ನೇ ಸಂಶಯಿಸಿ, ಆ ಅಪಹಾರದಲ್ಲಿ ನಮ್ಮ ಕೈಯಿದೆಯೆಂದು ಒಂದು ವೀಡಿಯೋ ಮಾಡಿ ಲೋಕಕ್ಕೆಲ್ಲ ಹಂಚಿಬಿಡುವಳು. ನಾನು “ಎಲಾ!” ಎಂದು ನಕ್ಕೆನು. ಪಕ್ಕದಲ್ಲಿ ಸದ್ದಿಲ್ಲ. ತಿರುಗಿ ನೋಡಿದರೆ ಹುಡುಗಿಯ ಕಣ್ಣಿನಲ್ಲಿ ನೀರು ನಿಂತಿತ್ತು. “ನಾನೇನೂ ಮಾಡಲಿಲ್ಲ ಅಜ್ಜ” ಎಂದಳು. ಆ ಮಾತು ಲಿಲ್ಲಿಗೆ ಹೇಳಿದುದಲ್ಲವೆಂದು ತಿಳಿಯುವುದಕ್ಕೆ ಪತ್ತೇದಾರನು ಬೇಕಾಗಿರಲಿಲ್ಲ.

ಮೆಲ್ಲನೆ ಸಂಗತಿ ಹೊರಬಿದ್ದಿತು. ಹಾಸ್ಟೆಲಿನ ಹುಡುಗಿಯರು ಪ್ರವಾಸಕ್ಕೆಂದು ಕೂಡಿಹಾಕಿದ ಹಣವು ಇವಳ ಕೈಯಲ್ಲಿತ್ತು. ಅದರಲ್ಲಿ ಮೂರು ಸಾವಿರ ರೂಪಾಯಿ ಕಡಿಮೆಯೆಂದು ಒಬ್ಬಳು ಎಲ್ಲರೂ ಇರುವ ವಾಟ್ಸಾಪು ಗ್ರೂಪಿನಲ್ಲಿ ಬರೆದಳು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ರಾತ್ರಿ ಬೆಳಗಾಗುವಷ್ಟರಲ್ಲಿ ಹಲವರು ಅದರ ಕೆಳಗೆ ತಂತಮ್ಮ ಗುರುತುಗಳನ್ನೊತ್ತಿದ್ದರು. ವಾರದ ಮೇಲೆ ಲೆಕ್ಕ ಬರೆದವಳ ಕೂಡಿಸುವಿಕೆಯಲ್ಲಿಯೇ ತಪ್ಪಿದೆಯೆಂದು ತಿಳಿದು, ಅವಳು ಇವಳ ಕೋಣೆಗೆ ಬಂದು, “ಬೇಜಾರು ಮಾಡಬೇಡ ಮಾರಾಯ್ತಿ” ಎಂದು ಹೇಳಿ ಹೋದಳಂತೆ. ಆರೋಪವು ಎಲ್ಲರೆದುರಿಗೆ, ಬಿಡುಗಡೆಯು ಬಾಗಿಲ ಮರೆಯಲ್ಲಿ. ಗ್ರೂಪಿನಲ್ಲಿ ಯಾರೂ ಒಂದಕ್ಷರ ಬರೆಯಲಿಲ್ಲ, ಇವಳೂ ಬರೆಯಲಿಲ್ಲ. ರಜೆ ಮುಗಿದರೆ ಹಿಂದಿರುಗುವ ಮನಸ್ಸಿಲ್ಲವೆಂದೂ, ಓದನ್ನು ನಿಲ್ಲಿಸಿ ಮನೆಯಲ್ಲಿಯೇ ಇರುವೆನೆಂದೂ ಹೇಳಿದಳು. ಮನೆಯಲ್ಲಿ ಆವರೆಗೆ ಇದು ಯಾರಿಗೂ ತಿಳಿದಿರಲಿಲ್ಲ.

ನಾನು ಉಪದೇಶವನ್ನು ಮಾಡಲಿಲ್ಲ. ಮೇಷ್ಟ್ರ ಅಭ್ಯಾಸ ಬಿಡುವುದಿಲ್ಲವಾಗಿ, ಶೂದ್ರಕನ ‘ಮೃಚ್ಛಕಟಿಕ’ದ ಒಂಭತ್ತನೆಯ ಅಂಕವನ್ನು ಹೇಳಿದೆನು. ಅದೂ ಒಂದು ಅಪರಾಧದ ಕಥೆಯೇ. ವಸಂತಸೇನೆಯ ಕತ್ತು ಹಿಸುಕಿ, ಸತ್ತಳೆಂದು ಬಿಟ್ಟುಹೋದ ಶಕಾರನೇ ನ್ಯಾಯಾಲಯಕ್ಕೆ ಬಂದು, ಬಡವನಾದ ಚಾರುದತ್ತನು ಒಡವೆಯ ಆಸೆಗೆ ಅವಳನ್ನು ಕೊಂದನೆಂದು ದೂರು ಕೊಡುವನು. ಉದ್ಯಾನದಲ್ಲಿ ಯಾವಳೋ ಒಬ್ಬಳ ಹೆಣವು ಸಿಕ್ಕುವುದು, ಅದೂ ಸಾಕ್ಷ್ಯವಾಗುವುದು. ಅಷ್ಟರಲ್ಲಿ ಗೆಳೆಯ ಮೈತ್ರೇಯನು ಸಿಟ್ಟಿಗೆದ್ದು ಶಕಾರನ ಮೇಲೇರಿ ಹೋಗಲು, ಹಿಂದಿರುಗಿಸುವುದಕ್ಕೆಂದು ಅವನು ತಂದಿದ್ದ ವಸಂತಸೇನೆಯ ಒಡವೆಗಳು ಎಲ್ಲರೆದುರಿಗೆ ಉದುರುವುವು. ವಸಂತಸೇನೆಯ ತಾಯಿಯು ಚಾರುದತ್ತನನ್ನು ಉಳಿಸಲು ಅವು ಮಗಳವಲ್ಲವೆಂದರೂ ಅವನು ಸುಳ್ಳಾಡಲೊಲ್ಲನು, ಅವಳವೇ ಎನ್ನುವನು. ಆದರೆ ಅವು ತನ್ನ ಮನೆಗೆ ಹೇಗೆ ಬಂದುವೆಂಬುದನ್ನು ಬಿಡಿಸಿ ಹೇಳುವುದಿಲ್ಲ. ನಾಚಿಕೆ, ಅಭಿಮಾನ, ಬೇಸರ. ನ್ಯಾಯಾಧಿಕಾರಿಗೆ ಅವನಲ್ಲಿ ಗೌರವವಿದ್ದರೂ ಆ ಮೌನವನ್ನು ದಾಟಿ ಹೋಗಲು ದಾರಿಯಿಲ್ಲ. ಶೂಲಕ್ಕೆ ಆಜ್ಞೆಯಾಗುವುದು.

ಹುಡುಗಿ ಗಮನವಿಟ್ಟು ಕೇಳಿ, “ಅವನು ಯಾಕೆ ಹೇಳಲಿಲ್ಲ?” ಎಂದಳು.

“ನೀನು ಯಾಕೆ ಬರೆಯಲಿಲ್ಲ?” ಎಂದು ನನ್ನ ಮನೆಯಾಕೆಯು ಒಳಗಿನಿಂದ ಕೇಳಿದಳು. ಅವಳು ಕಾಳಿದಾಸನನ್ನೂ ಓದಿದವಳಲ್ಲ, ಶೂದ್ರಕನನ್ನೂ ಓದಿದವಳಲ್ಲ.

ಆ ರಾತ್ರಿ ಆಟವು ಮುಂದುವರಿಯಲಿಲ್ಲ. ಮರುದಿನ ಮಧ್ಯಾಹ್ನ ಹುಡುಗಿಯು ಜಗಲಿಯ ಮೂಲೆಯಲ್ಲಿ ಕುಳಿತು ಬಹಳ ಹೊತ್ತು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಇಲ್ಲಿ ಕೆಳಗೆ ಸಿದ್ಧವಾದ ಮೂರು ಉತ್ತರಗಳಿರಲಿಲ್ಲ. ಸಂಜೆ ನನಗೆ ಓದಿ ಹೇಳಿದಳು. ನಾಲ್ಕೇ ವಾಕ್ಯಗಳು: ಹಣವೆಷ್ಟು ಬಂದಿತ್ತು, ಎಷ್ಟು ಖರ್ಚಾಯಿತು, ಲೆಕ್ಕದ ತಪ್ಪು ಎಲ್ಲಿತ್ತು, ಇದನ್ನು ಆ ದಿನ ಗುರುತೊತ್ತಿದವರೆಲ್ಲರೂ ಓದಬೇಕು. ಬೈಗುಳವಿರಲಿಲ್ಲ, ಕೂಡಿಸಿದವಳ ಹೆಸರೂ ಇರಲಿಲ್ಲ. ನಾನು ಒಂದು ಕಾಗುಣಿತವನ್ನು ತಿದ್ದಿದೆನು. ಅವಳು ಕಳುಹಿಸಿ, ಮೊಬೈಲನ್ನು ಮಗುಚಿ ಹಾಕಿ, ಅಜ್ಜಿಯ ಜತೆಗೆ ತೆಂಗಿನಕಾಯಿ ತುರಿಯಲು ಹೋದಳು.

ದೀಪ ಹಚ್ಚುವ ಹೊತ್ತಿಗೆ ಇಬ್ಬರು ಕ್ಷಮೆ ಕೇಳಿ ಬರೆದಿದ್ದರು. ಮೂರನೆಯವಳೊಬ್ಬಳು ಫೋನು ಮಾಡಿ ಬಹಳ ಹೊತ್ತು ಅತ್ತಳು. ಗ್ರೂಪಿನಲ್ಲಿ ಮೊದಲು ಬರೆದವಳು ಅವಳೇ. ಉಳಿದವರು ಓದಿರುವರೆಂಬುದಕ್ಕೆ ನೀಲಿ ಗೆರೆಗಳಿದ್ದುವು, ಮಾತಿರಲಿಲ್ಲ. “ಅವರೂ ಬರೆಯಬಹುದು” ಎಂದು ನಾನೆಂದೆನು. “ಬರೆಯಲಿಕ್ಕಿಲ್ಲ ಅಜ್ಜ” ಎಂದಳು ಅವಳು, ಹೆಚ್ಚು ದುಃಖವಿಲ್ಲದೆ. ರಜೆ ಮುಗಿದ ದಿನ ಅಣ್ಣನು ಬಂದು ಅವಳನ್ನು ಕಾಲೇಜಿಗೆ ಬಿಟ್ಟುಬಂದನು. ಈಚೆಗೆ ಪ್ರತಿ ಶನಿವಾರ ಫೋನು ಮಾಡುವಳು. ಕೋಣೆಯನ್ನು ಬದಲಿಸಿಕೊಂಡಿದ್ದಾಳೆ, ಊಟಕ್ಕೆ ಕುಳಿತುಕೊಳ್ಳುವಾಗ ಪಕ್ಕದಲ್ಲಿ ಜನರಿರುವರಂತೆ.

ಅವಳ ಅಜ್ಜಿಯ ಹಟದಿಂದಾಗಿ ಆಟವು ಈಗ ನನ್ನ ಮೊಬೈಲಿನಲ್ಲಿಯೂ ಇದೆ. ಕೊನೆಯ ಕಂತು ಬಾಕಿಯಿದೆ. ಅಪರಾಧಿ ಯಾರೆಂದು ಮೊಮ್ಮಗಳಿಗೆ ಗೊತ್ತು, ಕೇಳಿದರೆ ಹೇಳುವುದಿಲ್ಲ. ನನ್ನ ಸಂಶಯವು ಜೇಕನ ಮೇಲೆ. ಮನೆಯಾಕೆಯ ಸಂಶಯವು ಇನ್ನೊಬ್ಬನ ಮೇಲೆ, ಅವನು ಅತಿ ಹೆಚ್ಚು ನಗುತ್ತಾನೆಂಬ ಕಾರಣದಿಂದ. ಹರಳು ಜೋಡಿಸುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಾಳೆ. ನನಗಿಂತ ಬೇಗ ಜೋಡಿಸುತ್ತಾಳೆ.