ಅಚ್ಚುಕಟ್ಟಿಗೆ ಹತ್ತು ಅಂಕ

ನಮ್ಮ ಶಾಲೆಯಲ್ಲಿ ವರ್ಷಕ್ಕೊಮ್ಮೆ 'ಕಸದಿಂದ ರಸ' ಸ್ಪರ್ಧೆ. ತೀರ್ಪು ಕೊಡುವವಳು ನಾನು. ಸಮಾಜ ಪಾಠ ಮಾಡುವವಳಿಗೆ ಈ ಕೆಲಸವೇಕೆಂದು ಯಾರೂ ಕೇಳಿದವರಿಲ್ಲ. ಅಚ್ಚುಕಟ್ಟಿಗೆ ಹತ್ತು, ಉಪಯೋಗಕ್ಕೆ ಹತ್ತು, ಹೊಸತನಕ್ಕೆ ಐದು ಅಂಕ.

ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಹಸಿಮಣ್ಣಿಗೆ ಬಳೆಚೂರು ಚುಚ್ಚಿ ಹೆಂಗಸಿನ ಗೊಂಬೆ ಮಾಡಿ ತಂದಿದ್ದಳು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಒಂದು ಕೈ ಉದ್ದ, ಒಂದು ಮೋಟು.

"ಯಾರಮ್ಮ ಇದು?"

"ನಮ್ಮಜ್ಜಿ, ಮಿಸ್. ತಾತ ಹೋದಾಗ ಒಡೆದ್ರಲ್ಲ, ಅವೇ ಬಳೆ."

ನಾನು ಕೊಟ್ಟದ್ದು ಇಪ್ಪತ್ತೈದಕ್ಕೆ ಆರು. ಮೊದಲ ಬಹುಮಾನ ಸುಟ್ಟ ಬಲ್ಬಿನ ಹೂದಾನಿಗೆ. ಅದು ಹುಡುಗನ ಅಪ್ಪನ ಕೈಚಳಕವೆಂದು ನೋಡಿದರೇ ತಿಳಿಯುತ್ತಿತ್ತು.

ಆ ಬೇಸಿಗೆ ರಜೆಯಲ್ಲಿ ಮನೆಯವರೊಂದಿಗೆ ಚಂಡೀಗಢಕ್ಕೆ ಹೋಗಿದ್ದೆ. ಅಲ್ಲಿನ ರಾಕ್ ಗಾರ್ಡನ್ ಕಟ್ಟಿದ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. ಒಡೆದ ಪಿಂಗಾಣಿ, ಟೈಲ್ಸು, ಬಳೆ ಆಯ್ದು, ಏನನ್ನೂ ಕಟ್ಟಬಾರದ ಸರ್ಕಾರಿ ಜಾಗದಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಕಟ್ಟಿದರು. ಗುಟ್ಟು ರಟ್ಟಾದಾಗ ನಿಯಮದ ಪ್ರಕಾರ ಕೆಡವಬೇಕಿತ್ತು. ಕೆಡವಲಿಲ್ಲ, 1976ರಲ್ಲಿ ಜನರಿಗೆ ತೆರೆದರು. ಆ ಅಧಿಕಾರಿಗಳ ಕೈಯಲ್ಲಿ ನನ್ನ ಅಂಕಪಟ್ಟಿ ಇರಲಿಲ್ಲ, ಪುಣ್ಯ.

ಮೈತುಂಬ ಬಳೆಚೂರು ಹೊದ್ದ ಹೆಂಗಸರು ಅಲ್ಲಿ ಸಾಲಾಗಿ ನಿಂತಿದ್ದಾರೆ. ನನಗೆ ಮುಂದಕ್ಕೆ ಹೆಜ್ಜೆ ಬರಲಿಲ್ಲ. "ಬಿಸಿಲು, ನಡಿ" ಎಂದರು ಇವರು.

ಜೂನಿನಲ್ಲಿ ಅಚ್ಚುಕಟ್ಟಿನ ಕಾಲಂ ಹೊಡೆದುಹಾಕಿದೆ. ಅಷ್ಟರಲ್ಲಿ ಆ ಹುಡುಗಿ ವರ್ಗಾವಣೆ ಪತ್ರ ತೆಗೆದುಕೊಂಡು ಬೇರೆ ಶಾಲೆಗೆ ಹೋಗಿಯಾಗಿತ್ತು. ಗೊಂಬೆ ಸ್ಟಾಫ್ ರೂಮಿನ ಬೀರುವಿನ ಮೇಲೆಯೇ ಇತ್ತು, ಮೋಟುಗೈ ಮುರಿದು.